ಡೇರಿಯ ಕಂಪ್ಯೂಟರಿಗೂ ರೈತರ ಕೀಪ್ಯಾಡ್ ಫೋನಿಗೂ ಒಂದೇ ಮಾದರಿಯಿಂದ ಇಂಟರ್ಫೇಸ್ ಕಟ್ಟುವುದು ಹೇಗೆ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದು ಸಾಫ್ಟ್‌ವೇರ್ ಮಾಡಿಕೊಡಬೇಕು ಎಂದಿಟ್ಟುಕೊಳ್ಳಿ. ಲೀಟರು, ಜಿಡ್ಡು, ದರ, ಬಟವಾಡೆ: ಲೆಕ್ಕವೇನೂ ದೊಡ್ಡದಲ್ಲ. ತಲೆ ತಿನ್ನುವುದು ಅದನ್ನು ತೋರಿಸುವ ಕೆಲಸ. ಡೇರಿಯಲ್ಲಿ ಕಾರ್ಯದರ್ಶಿಯ ಮುಂದೆ ಕಂಪ್ಯೂಟರ್ ಇದೆ. ಹಾಲು ಹಾಕುವವರಲ್ಲಿ ಕೆಲವರ ಬಳಿ ಆಂಡ್ರಾಯ್ಡ್ ಫೋನ್, ಇನ್ನು ಕೆಲವರ ಬಳಿ ಕೀಪ್ಯಾಡ್ ಫೋನ್. ಎಸ್ಸೆಮ್ಮೆಸ್ ಓದಲಾಗದ ಹಿರಿಯರಿಗೆ ಕರೆ ಮಾಡಿ ಕೇಳಿಸಿಕೊಳ್ಳುವ ಐವಿಆರ್ ಬೇಕು. ಒಂದೇ ಲೆಕ್ಕ, ನಾಲ್ಕು ಮುಖ.

ಸಾಮಾನ್ಯವಾಗಿ ಮೊದಲು ಕಂಪ್ಯೂಟರಿನ ಸ್ಕ್ರೀನ್ ಬರೆಯುತ್ತಾರೆ. ಅದನ್ನೇ ಕುಗ್ಗಿಸಿ ಫೋನಿಗೆ ತುರುಕುತ್ತಾರೆ. ಎಸ್ಸೆಮ್ಮೆಸ್ ಕೊನೆಗೆ ಹೇಗೋ ಸೇರಿಕೊಳ್ಳುತ್ತದೆ, ಐವಿಆರ್ ಬೇರೆ ಯಾರದೋ ಕೈಗೆ ಹೋಗುತ್ತದೆ. ದರಪಟ್ಟಿ ಬದಲಾದ ದಿನ ಕಂಪ್ಯೂಟರ್ ಒಂದು ಮೊತ್ತ ತೋರಿಸಿದರೆ ಐವಿಆರ್ ಇನ್ನೊಂದನ್ನು ಓದುತ್ತದೆ. ಆಗ ರೈತರು ಜಗಳಕ್ಕೆ ಬರುವುದು ಪ್ರೋಗ್ರಾಮರ್ ಹತ್ತಿರ ಅಲ್ಲ, ಕಾರ್ಯದರ್ಶಿಯ ಹತ್ತಿರ.

ಇದಕ್ಕೆ ಇರುವ ದಾರಿಗಳಲ್ಲಿ ಮಾದರಿ ಆಧಾರಿತ ವಿನ್ಯಾಸ ಒಂದು. ಜನ ಏನು ಮಾಡುತ್ತಾರೆ, ಅದಕ್ಕೆ ಯಾವ ಮಾಹಿತಿ ಬೇಕು, ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಯಾವ ಸಾಧನಕ್ಕೂ ಅಂಟದಂತೆ ಒಂದೇ ಕಡೆ ಬರೆದಿಟ್ಟು, ಒಂದೊಂದು ಸಾಧನದ ಇಂಟರ್ಫೇಸನ್ನೂ (ಬಳಸುವವರು ನೋಡುವ, ಕೇಳುವ ಮುಖ) ಅದರಿಂದಲೇ ಹೊರಡಿಸುವುದು. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತು ಹಿಡಿದುಕೊಂಡರೆ ಸಾಕು. ಮೇಲಿನ ಮಾದರಿಯೊಳಗೆ ಬಟನ್ನು, ಸ್ಕ್ರೀನು ಎಂಬ ಶಬ್ದ ನುಸುಳಬಾರದು. ಕೊನೆಯ ಮೆಟ್ಟಿಲನ್ನು ಪೂರ್ತಿಯಾಗಿ ಯಂತ್ರದ ಕೈಗೆ ಬಿಡಬಾರದು.

ನಾಲ್ಕು ಮೆಟ್ಟಿಲು

2003ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಕ್ಯಾಮೆಲಿಯಾನ್ ಎಂಬ ಚೌಕಟ್ಟನ್ನು ಪ್ರಕಟಿಸಿತು. ಈ ಕ್ಷೇತ್ರದವರು ಇವತ್ತಿಗೂ ಬಳಸುವುದು ಅದರ ನಾಲ್ಕು ಹಂತಗಳನ್ನೇ. ತುದಿಯಲ್ಲಿ ಕೆಲಸಗಳು ಮತ್ತು ಪರಿಕಲ್ಪನೆಗಳು. ಅದರ ಕೆಳಗೆ ಅಮೂರ್ತ ಇಂಟರ್ಫೇಸ್: ಇಲ್ಲಿ ‘ಒಂದನ್ನು ಆರಿಸು’ ಎಂದಷ್ಟೇ ಇರುತ್ತದೆ, ಕಣ್ಣಿಗೋ ಕಿವಿಗೋ ಎಂಬುದೂ ತೀರ್ಮಾನವಾಗಿರುವುದಿಲ್ಲ. ಮೂರನೆಯದು ಮೂರ್ತ ಇಂಟರ್ಫೇಸ್: ಇಲ್ಲಿ ಅದು ಒತ್ತಿದರೆ ತೆರೆಯುವ ಪಟ್ಟಿ, ಅಂದರೆ ಡ್ರಾಪ್‌ಡೌನ್ ಆಗುತ್ತದೆ, ಇಲ್ಲವೇ ‘1 ಒತ್ತಿ’ ಆಗುತ್ತದೆ. ಕೊನೆಯದು ಓಡುವ ಕೋಡ್.

ಮೇಲಿಂದ ಕೆಳಗೇ ಇಳಿಯಬೇಕೆಂಬ ಕಟ್ಟಳೆ ಇಲ್ಲ. ಈಗಾಗಲೇ ಕಂಪ್ಯೂಟರ್ ಸಾಫ್ಟ್‌ವೇರ್ ಇರುವ ಸಂಘವಾದರೆ ಅದರ ಸ್ಕ್ರೀನುಗಳಿಂದ ಹಿಂದಕ್ಕೆ ಹೋಗಿ ಅಮೂರ್ತ ರೂಪ ತೆಗೆದು, ಅಲ್ಲಿಂದ ಫೋನಿಗೆ ಇಳಿಯಬಹುದು. ನಮ್ಮಲ್ಲಿ ಹೊಸದಾಗಿ ಶುರುವಾಗುವ ಕೆಲಸಕ್ಕಿಂತ ಹೀಗೆ ಹಳೆಯದನ್ನು ಬಿಚ್ಚಿ ಕಟ್ಟುವುದೇ ಹೆಚ್ಚು ಎಂದು ನನ್ನ ಅನಿಸಿಕೆ.

ಈ ವಿಧಾನ ಎಲ್ಲರಿಗೂ ಬೇಕಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮದು ಆಂಡ್ರಾಯ್ಡ್ ಮತ್ತು ಐಫೋನ್ ಎರಡೇ, ಐದಾರು ಸ್ಕ್ರೀನ್, ವರ್ಷಕ್ಕೊಮ್ಮೆ ಬದಲಾವಣೆ ಎಂದಾದರೆ ಎರಡಕ್ಕೂ ಒಟ್ಟಿಗೆ ಆಪ್ ಕಟ್ಟುವ ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್‌ನಲ್ಲಿ ಒಂದೇ ಕೋಡ್ ಬರೆದು ಮುಗಿಸಿ. ಸಾಧನಗಳ ಸ್ವಭಾವವೇ ಬೇರೆಯಾಗಿದ್ದಾಗ, ಅಂದರೆ ಒಂದು ಕಣ್ಣಿಗೆ ಇನ್ನೊಂದು ಕಿವಿಗೆ ಎಂಬಷ್ಟು ದೂರವಿದ್ದಾಗ, ಇಲ್ಲವೇ ಫಾರಂಗಳು ಹತ್ತಾರಿದ್ದು ನಿಯಮಗಳು ಪದೇ ಪದೇ ಬದಲಾಗುವಾಗ ಮಾತ್ರ ಮಾದರಿಗೆ ಹಾಕಿದ ಖರ್ಚು ಮರಳಿ ಬರುತ್ತದೆ.

ಮೊದಲ ಹೆಜ್ಜೆ: ಕೆಲಸವನ್ನು ಬರೆಯಿರಿ

ಡೇರಿಗೆ ಹೋಗಿ ಬೆಳಗಿನ ಹಾಲು ಹಾಕುವ ಹೊತ್ತಿನಲ್ಲಿ ಒಂದು ಮೂಲೆಯಲ್ಲಿ ನಿಲ್ಲಿ. ಸಾಲು ಹೇಗೆ ಸಾಗುತ್ತದೆ, ಕಾರ್ಯದರ್ಶಿ ಯಾವಾಗ ಕೀಬೋರ್ಡ್ ಮುಟ್ಟುತ್ತಾರೆ, ಯಾವಾಗ ಮುಟ್ಟದೆ ಬಾಯಲ್ಲೇ ಹೇಳುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನೋಡಿದ್ದನ್ನು ಮರದ ರೂಪದಲ್ಲಿ ಬರೆಯಿರಿ:

ಒಂದು ಹೊತ್ತಿನ ಹಾಲು ತೆಗೆದುಕೊಳ್ಳುವುದು
• ಸದಸ್ಯರನ್ನು ಗುರುತಿಸುವುದು
• ಆದಮೇಲೆ, ಹಾಲಿನ ಬಗೆ ಹೇಳುವುದು (ಹಸು, ಎಮ್ಮೆ)
• ಆದಮೇಲೆ, ಯಾವ ಕ್ರಮದಲ್ಲಾದರೂ: ತೂಕ ನೋಡುವುದು, ಜಿಡ್ಡು ಮತ್ತು ಜಿಡ್ಡಲ್ಲದ ಘನಾಂಶ, ಅಂದರೆ ಎಸ್‌ಎನ್‌ಎಫ್ ನೋಡುವುದು
• ಆದಮೇಲೆ, ಇದೋ ಅದೋ: ಹಾಲು ಒಪ್ಪುವುದು, ಹಾಲು ತಿರಸ್ಕರಿಸುವುದು
• ಒಪ್ಪಿದರೆ, ಮೊತ್ತ ಲೆಕ್ಕ ಹಾಕುವುದು
• ಆದಮೇಲೆ, ಚೀಟಿ ಕೊಡುವುದು
• ಚೀಟಿ ಕೊಡುವವರೆಗೆ ಯಾವಾಗ ಬೇಕಾದರೂ: ಇಡೀ ನಮೂದನ್ನು ರದ್ದು ಮಾಡುವುದು

‘ಆದಮೇಲೆ’, ‘ಇದೋ ಅದೋ’, ‘ಯಾವ ಕ್ರಮದಲ್ಲಾದರೂ’, ‘ಯಾವಾಗ ಬೇಕಾದರೂ’ ಎಂಬ ಜೋಡಣೆಗಳಲ್ಲೇ ಈ ಮರದ ಜೀವ ಇರುವುದು. ಇಟಲಿಯ ಪೀಸಾದಲ್ಲಿ ಫಾಬಿಯೊ ಪಟೆರ್ನೊ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ರೂಪಿಸಿದ ಕಾಂಕರ್‌ಟಾಸ್ಕ್‌ಟ್ರೀಸ್ ಎಂಬ ಬರವಣಿಗೆಯಲ್ಲಿ ಇವಕ್ಕೆಲ್ಲ ಗೊತ್ತಾದ ಚಿಹ್ನೆಗಳಿವೆ. ಚಿಹ್ನೆ ಕಲಿಯುವ ತುರ್ತು ಇಲ್ಲ. ಸಂಬಂಧವನ್ನು ಹೇಳದೆ ಬಿಡಬೇಡಿ, ಅಷ್ಟೇ. ತೂಕ ಮೊದಲೋ ಜಿಡ್ಡು ಮೊದಲೋ ಎಂಬುದನ್ನು ನೀವು ಹೇಳದೆ ಬಿಟ್ಟರೆ ಪ್ರೋಗ್ರಾಮರ್ ತನಗೆ ತೋಚಿದ ಕ್ರಮ ಹಾಕುತ್ತಾನೆ, ಪರೀಕ್ಷಕರ ಕೈ ಅಲ್ಲಿ ಕಾಯುತ್ತಾ ನಿಲ್ಲುತ್ತದೆ.

ಮರದ ಪ್ರತಿ ಸಾಲಿಗೂ ಅದನ್ನು ಮಾಡುವವರು ಯಾರು ಎಂಬ ಗುರುತು ಹಾಕಿ. ಆ ಬರವಣಿಗೆಯಲ್ಲಿ ಇದಕ್ಕೆ ನಾಲ್ಕು ಬಗೆ: ಮನುಷ್ಯನೇ ಮನಸ್ಸಿನಲ್ಲಿ ಮಾಡುವುದು, ಯಂತ್ರವೇ ಮಾಡುವುದು, ಇಬ್ಬರೂ ಸೇರಿ ಮಾಡುವುದು, ಮತ್ತು ಇನ್ನೂ ಒಡೆಯಬೇಕಾದ ದೊಡ್ಡ ಕೆಲಸ. ಡೇರಿಯಲ್ಲಿ ಈ ಗುರುತಿಗೆ ತುಂಬ ಬೆಲೆ ಇದೆ. ಒಂದು ಸಂಘದಲ್ಲಿ ತಕ್ಕಡಿಯೂ ಹಾಲು ಪರೀಕ್ಷಿಸುವ ಯಂತ್ರವೂ ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿರುತ್ತವೆ, ಅಂಕಿ ತಾನಾಗಿ ಬಂದು ಕೂರುತ್ತದೆ. ಇನ್ನೊಂದು ಸಂಘದಲ್ಲಿ ಕಾರ್ಯದರ್ಶಿ ನೋಡಿ ಟೈಪ್ ಮಾಡುತ್ತಾರೆ. ‘ಜಿಡ್ಡು ನೋಡುವುದು’ ಎಂಬ ಕೆಲಸ ಎರಡೂ ಕಡೆ ಅದೇ, ಬದಲಾಗುವುದು ಗುರುತು ಮಾತ್ರ. ಮರದಲ್ಲಿ ‘ಜಿಡ್ಡಿನ ಪೆಟ್ಟಿಗೆಯಲ್ಲಿ ಅಂಕಿ ಹಾಕುವುದು’ ಎಂದು ಬರೆದುಬಿಟ್ಟಿದ್ದರೆ ಮೊದಲ ಸಂಘಕ್ಕೆ ಹೊಸ ಮರವೇ ಬೇಕಾಗುತ್ತಿತ್ತು.

ಬರೆದಾದ ಮೇಲೆ ಒಂದು ಜರಡಿ ಹಿಡಿಯಿರಿ. ಪ್ರತಿ ಸಾಲನ್ನೂ ಕರೆಂಟ್ ಹೋದ ದಿನ ಪುಸ್ತಕ, ಪೆನ್ನಿನಲ್ಲಿ ಮಾಡಲು ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲ ಎಂದಾದರೆ ಆ ಸಾಲಿನಲ್ಲಿ ಸಾಧನದ ಮಾತು ಸೇರಿಕೊಂಡಿದೆ ಎಂದೇ ಅರ್ಥ. ‘ಲಾಗಿನ್ ಆಗುವುದು’ ಈ ಜರಡಿಯಲ್ಲಿ ನಿಲ್ಲುವುದಿಲ್ಲ, ‘ತಾನು ಯಾರೆಂದು ತೋರಿಸುವುದು’ ನಿಲ್ಲುತ್ತದೆ. ಈ ಎರಡರ ನಡುವಿನ ಅಂತರದಲ್ಲೇ ಐವಿಆರ್‌ಗೆ ದಾರಿ ತೆರೆಯುತ್ತದೆ: ಅಲ್ಲಿ ಕರೆ ಬಂದ ನಂಬರೇ ಗುರುತು.

ರೈತರ ಕಡೆಯ ಮರವನ್ನು ಬೇರೆಯೇ ಬರೆಯಿರಿ. ಅದು ಚಿಕ್ಕದು: ಈ ಹೊತ್ತಿನ ಲೆಕ್ಕ ತಿಳಿಯುವುದು, ಈ ಬಟವಾಡೆಯಲ್ಲಿ ಇಲ್ಲಿಯವರೆಗೆ ಎಷ್ಟಾಯಿತು ಎಂದು ತಿಳಿಯುವುದು, ಅಂಕಿ ತಪ್ಪಿದ್ದರೆ ದೂರು ಹೇಳುವುದು.

ಎರಡನೆಯದು: ಮಾಹಿತಿ ಮತ್ತು ನಿಯಮ

ಮರದಲ್ಲಿ ಬಂದ ನಾಮಪದಗಳನ್ನೆಲ್ಲ ಹೆಕ್ಕಿದರೆ ಮಾಹಿತಿಯ ಮಾದರಿ ಬಹುಪಾಲು ಸಿದ್ಧ. ಸದಸ್ಯ, ನಮೂದು, ದರಪಟ್ಟಿ, ಬಟವಾಡೆ, ದೂರು. ಪ್ರತಿಯೊಂದಕ್ಕೂ ಗುಣಗಳು, ಅವುಗಳ ಬಗೆ, ಏಕಮಾನ. ಇದನ್ನು ಎಲ್ಲರೂ ಮಾಡುತ್ತಾರೆ. ನಿಯಮಗಳ ವಿಷಯದಲ್ಲಿ ಮಾತ್ರ ಎಡವುತ್ತಾರೆ.

ನಿಯಮಗಳನ್ನು ಎರಡು ರಾಶಿ ಮಾಡಿ: ತಡೆಯುವವು, ಎಚ್ಚರಿಸುವವು. ಲೀಟರು ಸೊನ್ನೆಗಿಂತ ಕಡಿಮೆ ಇರಬಾರದು ಎಂಬುದು ತಡೆಯುವ ನಿಯಮ. ಹಸುವಿನ ಹಾಲಿನ ಜಿಡ್ಡು ಸಾಮಾನ್ಯವಾಗಿ 3ರಿಂದ 5ರ ಆಸುಪಾಸು, ಎಮ್ಮೆಯದು 6ರಿಂದ 8ರ ಆಸುಪಾಸು. ‘ಹಸು’ ಎಂದು ಹೇಳಿ 7.2 ಬಂದರೆ ಬಗೆ ತಪ್ಪಾಗಿ ಆರಿಸಿರುವ ಸಂಭವವೇ ಹೆಚ್ಚು. ಆದರೂ ಅದನ್ನು ತಡೆಯುವ ನಿಯಮ ಮಾಡಬೇಡಿ. ಕಾರ್ಯದರ್ಶಿ ನೋಡಿ ಹೌದೆನ್ನಲಿ. ಮಾದರಿಯಲ್ಲಿ ಈ ಎರಡು ರಾಶಿ ಇಲ್ಲದಿದ್ದರೆ ಒಂದೊಂದು ಸಾಧನದವರೂ ತಮ್ಮಿಷ್ಟದಂತೆ ಕೆಲವನ್ನು ತಡೆದು ಕೆಲವನ್ನು ಬಿಟ್ಟಿರುತ್ತಾರೆ.

ಮೊತ್ತದ ಲೆಕ್ಕ ಒಂದೇ ಕಡೆ ಇರಲಿ, ಉಳಿದವು ಫಲಿತಾಂಶವನ್ನು ತೋರಿಸಲಿ. ಪೈಸೆಯನ್ನು ಎಲ್ಲಿ ದುಂಡಾಗಿಸುವುದು ಎಂಬುದನ್ನೂ ಇಲ್ಲೇ ಬರೆಯಿರಿ: ಪ್ರತಿ ನಮೂದಿಗೋ, ಬಟವಾಡೆಯ ಕೊನೆಗೋ?

ಮೂರನೆಯದು: ಯಾವ ಕೆಲಸ ಎಲ್ಲಿ

ಎಲ್ಲ ಸಾಧನದಲ್ಲೂ ಎಲ್ಲ ಕೆಲಸ ಇರಬೇಕು ಎಂಬ ಆಸೆಯನ್ನು ಈಗಲೇ ಬಿಡಿ. ಮರದ ಎಲೆಗಳನ್ನು (ಇನ್ನು ಒಡೆಯದ ತುದಿಯ ಕೆಲಸಗಳು) ಎಡಕ್ಕೆ, ಸಾಧನಗಳನ್ನು ಮೇಲಕ್ಕೆ ಬರೆದು ಒಂದು ಕೋಷ್ಟಕ ಮಾಡಿ. ಒಂದೊಂದು ಮನೆಯಲ್ಲೂ ‘ಇದೆ’ ಇಲ್ಲವೇ ‘ಇಲ್ಲ, ಏಕೆಂದರೆ’ ಎಂದು ತುಂಬಿ. ಖಾಲಿ ಬಿಡಬೇಡಿ. ಎಸ್ಸೆಮ್ಮೆಸ್ಸಿನಲ್ಲಿ ದೂರು ಇಲ್ಲ, ಏಕೆಂದರೆ ಉತ್ತರ ಕಳಿಸಲಾಗದ ತಲೆಬರಹದಿಂದ (ನಂಬರಿನ ಬದಲು ಕಾಣುವ ಕಳಿಸುವವರ ಹೆಸರು) ಸಂದೇಶ ಹೋಗುತ್ತದೆ. ಹಾಗಿದ್ದರೆ ಅದರ ಕೊನೆಯಲ್ಲಿ ಐವಿಆರ್ ನಂಬರ್ ಇರಬೇಕು. ನೋಡಿ, ಕಾರಣ ಬರೆಯುವ ಹೊತ್ತಿಗೆ ಪರಿಹಾರವೂ ಹೊರಬಂತು.

ಬಳಕೆಯ ಸಂದರ್ಭ ಎಂದರೆ ಸಾಧನ ಮಾತ್ರವಲ್ಲ. ಕ್ಯಾಮೆಲಿಯಾನ್ ಚೌಕಟ್ಟು ಅದನ್ನು ಮೂರು ಸೇರಿದ್ದು ಎನ್ನುತ್ತದೆ: ಬಳಸುವವರು, ಸಾಧನ, ಸುತ್ತಲಿನ ಪರಿಸರ. ಡೇರಿಯಲ್ಲಿ ಕೈ ಒದ್ದೆ, ಕ್ಯಾನುಗಳ ಸದ್ದು, ಹಿಂದೆ ಸಾಲು. ಅಲ್ಲಿನ ಕಂಪ್ಯೂಟರಿಗೆ ಮೌಸ್ ಇಲ್ಲದೆ ನಡೆಯುವ ಇಂಟರ್ಫೇಸ್ ಬೇಕು ಎಂಬುದು ಪರಿಸರದಿಂದ ಬಂದ ತೀರ್ಮಾನ, ಕಂಪ್ಯೂಟರಿನ ಗುಣದಿಂದ ಬಂದದ್ದಲ್ಲ.

ನಾಲ್ಕನೆಯದು: ಅಮೂರ್ತ ಇಂಟರ್ಫೇಸ್

ಈ ಮೆಟ್ಟಿಲನ್ನು ಹಾರಿ ಹೋಗುವವರೇ ಹೆಚ್ಚು. ಮರದಿಂದ ನೇರ ಸ್ಕ್ರೀನಿಗೆ ಇಳಿದುಬಿಡುತ್ತಾರೆ. ಎರಡು ಸಾಧನ ಇದ್ದಾಗ ಅದು ನಡೆದೀತು. ಮೂರನೆಯದು ದನಿಯಾದಾಗ ಮುಗಿಯಿತು.

ಇಲ್ಲಿ ನಿಮಗೆ ಬೇಕಾದ ಶಬ್ದಸಂಪತ್ತು ಚಿಕ್ಕದು. ಒಂದನ್ನು ಆರಿಸು. ಹಲವನ್ನು ಆರಿಸು. ಅಂಕಿ ಕೊಡು. ಪಠ್ಯ ಕೊಡು. ಗುಟ್ಟಿನ ಮಾಹಿತಿ ಕೊಡು. ತೋರಿಸು. ಚಾಲನೆ ಕೊಡು. ಗುಂಪು. ಮರುಕಳಿಸುವ ಗುಂಪು. ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯೂ3ಸಿ 2003ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿದ ಎಕ್ಸ್‌ಫಾರ್ಮ್ಸ್ ಎಂಬ ಮಾನಕ ಇದನ್ನು ಅಂದವಾಗಿ ಮಾಡಿತ್ತು: ಅದರಲ್ಲಿ ರೇಡಿಯೋ ಬಟನ್ ಎಂಬುದೇ ಇಲ್ಲ, ‘ಒಂದನ್ನು ಆರಿಸು’ ಇದೆ. ಹೇಗೆ ತೋರಿಸುವುದು ಸಾಧನಕ್ಕೆ ಬಿಟ್ಟದ್ದು. ಬ್ರೌಸರುಗಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆದರೆ 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ನಂಟಿನಲ್ಲಿ ಶುರುವಾದ ಓಡಿಕೆ, ಅಂದರೆ ಹಳ್ಳಿಗಳ ಸಮೀಕ್ಷೆಗೆ ಹೋಗುವವರ ಫೋನಿನಲ್ಲಿ ಕಾಣುವ ಆ ಫಾರಂ ತಂತ್ರಾಂಶ, ಅದರ ಒಂದು ಭಾಗವನ್ನು ಇವತ್ತಿಗೂ ಜೀವಂತ ಇಟ್ಟಿದೆ.

ನಮ್ಮ ಮರವನ್ನು ಇಳಿಸಿದರೆ ಹೀಗಾಗುತ್ತದೆ. ‘ನಮೂದು’ ಒಂದು ಗುಂಪು. ಅದರೊಳಗೆ ಸದಸ್ಯ: ಒಂದನ್ನು ಆರಿಸು, ಆಯ್ಕೆಗಳು ನೂರಾರು, ಪ್ರತಿಯೊಂದಕ್ಕೂ ಚಿಕ್ಕ ಸಂಖ್ಯೆ ಇದೆ. ಬಗೆ: ಒಂದನ್ನು ಆರಿಸು, ಆಯ್ಕೆ 2, ಈ ಸದಸ್ಯರು ಹೋದ ಸಲ ಕೊಟ್ಟದ್ದೇ ಪೂರ್ವನಿಗದಿ. ಲೀಟರು: ಅಂಕಿ, ದಶಮಾಂಶ ಒಂದು ಸ್ಥಾನ. ಮೊತ್ತ: ತೋರಿಸು, ಮಹತ್ವ ಹೆಚ್ಚು. ರದ್ದು: ಚಾಲನೆ, ಪರಿಣಾಮ ಹಿಂದೆಗೆಯಲಾಗದ್ದು.

‘ಆಯ್ಕೆ ಎಷ್ಟು’, ‘ಮಹತ್ವ ಎಷ್ಟು’, ‘ಹಿಂದೆಗೆಯಬಹುದೇ’, ‘ಎಷ್ಟು ಸಲ ಬಳಸುತ್ತಾರೆ’: ಇಂಥ ಟಿಪ್ಪಣಿಗಳನ್ನು ಎಷ್ಟು ಉದಾರವಾಗಿ ಬರೆಯುತ್ತೀರೋ ಮುಂದಿನ ಹಂತ ಅಷ್ಟು ಸಲೀಸು. ಕೆಳಗೆ ಡ್ರಾಪ್‌ಡೌನೋ ಬಟನ್ನೋ ಎಂದು ನಿರ್ಧರಿಸುವ ನಿಯಮಗಳು ಓದುವುದು ಇವನ್ನೇ. ಪ್ರತಿ ಘಟಕಕ್ಕೂ ಎಂದೂ ಬದಲಾಗದ ಒಂದು ಗುರುತಿನ ಹೆಸರು ಕೊಡಿ. ಲೇಬಲ್ ಬದಲಾಗಲಿ, ಜಾಗ ಬದಲಾಗಲಿ, ಈ ಹೆಸರು ಬದಲಾಗಬಾರದು. ಏಕೆಂದು ಮುಂದೆ ಬರುತ್ತದೆ.

ಐದನೆಯದು: ಸಾಧನಕ್ಕೆ ಇಳಿಸುವ ನಿಯಮಗಳು

ಸ್ಕ್ರೀನ್ ಇರುವ ಸಾಧನಗಳ ನಿಯಮ ಸುಲಭ. ಆಯ್ಕೆ ಐದರೊಳಗಿದ್ದರೆ ಎಲ್ಲವನ್ನೂ ಕಾಣುವಂತೆ ಇಡು, ಹೆಚ್ಚಿದ್ದರೆ ಹುಡುಕುವ ಪಟ್ಟಿ ಕೊಡು, ಚಿಕ್ಕ ಸಂಖ್ಯೆ ಇದ್ದರೆ ಅದನ್ನು ಟೈಪ್ ಮಾಡಲು ಬಿಡು. ಕಾರ್ಯದರ್ಶಿಗೆ ಸದಸ್ಯರ ಸಂಖ್ಯೆ ಬಾಯಿಪಾಠವಾಗಿರುತ್ತದೆ, ಅವರಿಗೆ ಪಟ್ಟಿ ತೆರೆದು ತೋರಿಸುವುದು ಉಪಕಾರವಲ್ಲ. ಫೋನಿನಲ್ಲಿ ಬೆರಳಿಗೆ ಸಿಗುವ ಜಾಗ ಆಂಡ್ರಾಯ್ಡ್ ಶಿಫಾರಸಿನಂತೆ 48 ಡಿಪಿ, ಆಪಲ್‌ನದು 44 ಪಾಯಿಂಟ್ (ಎರಡೂ ಸ್ಕ್ರೀನಿನ ಅಳತೆಯ ಏಕಮಾನಗಳು). ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1. ಇವು ಕೋಡಿನಲ್ಲಿ ಅಲ್ಲಲ್ಲಿ ಚದುರದೆ ನಿಯಮದ ಕಡತದಲ್ಲೇ ಇರಲಿ. ಹಿಂದೆಗೆಯಲಾಗದ ಚಾಲನೆ ಯಾವ ಸಾಧನದಲ್ಲೇ ಆಗಲಿ ಒಮ್ಮೆ ಖಚಿತಪಡಿಸಿಕೊಳ್ಳಬೇಕು ಎಂಬುದನ್ನೂ ಇಲ್ಲೇ ಹಾಕಿ.

ಎಸ್ಸೆಮ್ಮೆಸ್ ಸುಲಭವೆಂದು ಕಾಣುತ್ತದೆ, ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂದೇಶಕ್ಕೆ 160 ಸ್ಥಾನ ಸಿಗುತ್ತದೆ. ಒಂದೇ ಒಂದು ಕನ್ನಡ ಅಕ್ಷರ ಬಂದರೂ ಅದು ಯೂನಿಕೋಡ್ ಸಂದೇಶವಾಗಿ 70ಕ್ಕೆ ಇಳಿಯುತ್ತದೆ. ಈ 70 ನಮ್ಮ ಅಕ್ಷರಗಳ ಲೆಕ್ಕವೂ ಅಲ್ಲ. ‘ಬೆಳಿಗ್ಗೆ’ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿನಲ್ಲಿ 8 ಸ್ಥಾನ. ‘ಪ್ರೋತ್ಸಾಹಧನ’ಕ್ಕೆ 11. ಆದ್ದರಿಂದ ಮಾದರಿಯಲ್ಲಿ ಪ್ರತಿ ಲೇಬಲ್ಲಿಗೂ ಉದ್ದದ ರೂಪದ ಜೊತೆಗೆ ಚಿಕ್ಕ ರೂಪವನ್ನೂ ಇಡಿ. ಲೀಟರಿಗೆ 33 ರೂಪಾಯಿ ಎಂದು ಹಿಡಿದರೆ ಒಂದು ಹೊತ್ತಿನ ಲೆಕ್ಕ ಹೀಗೆ ಕೂರುತ್ತದೆ:

ಸ.ಸಂ 142 ಬೆಳಿಗ್ಗೆ ಹಸು 6.5ಲೀ ಜಿಡ್ಡು 4.1 ರೂ 214.50

ಇದಕ್ಕೆ 48 ಸ್ಥಾನ. ಉಳಿದ 22ರಲ್ಲಿ ಐವಿಆರ್ ನಂಬರೂ ಹಿಡಿಯುತ್ತದೆ. ಇನ್ನೊಂದು ತೊಡಕು ಕಾನೂನಿನದು. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಾವಳಿಯಿಂದ ಬಂದ, ಕಳಿಸುವವರನ್ನೂ ಪಠ್ಯವನ್ನೂ ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಇಂಥ ಸಂದೇಶಗಳ ಅಚ್ಚುಪಠ್ಯವನ್ನು ಮೊದಲೇ ನೋಂದಾಯಿಸಬೇಕು, ಬದಲಾಗುವ ಜಾಗಗಳನ್ನು ಗುರುತಿಸಿರಬೇಕು. ಅಂದರೆ ಮಾದರಿಯಿಂದ ಎಸ್ಸೆಮ್ಮೆಸ್ ವಾಕ್ಯಗಳನ್ನು ಹೊಸದಾಗಿ ಹೆಣೆಯುವ ಯೋಚನೆಯೇ ಇಲ್ಲಿ ನಡೆಯದು. ಮಾದರಿಯಿಂದ ಬರಬೇಕಾದದ್ದು ಖಾಲಿ ಜಾಗದ ಮೌಲ್ಯಗಳು ಮತ್ತು ಅಚ್ಚುಪಠ್ಯದ ಗುರುತು. ಮಾದರಿ ಬದಲಾದಾಗ ಅಚ್ಚುಪಠ್ಯವೂ ಬದಲಾಗಬೇಕಾಗಿ ಬಂದರೆ ಮರುನೋಂದಣಿಗೆ ಸಮಯ ಹಿಡಿಯುತ್ತದೆ ಎಂಬುದನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಿ.

ಐವಿಆರ್‌ನಲ್ಲಿ ಇರುವುದು ಹನ್ನೆರಡು ಕೀಲಿ, ಮತ್ತು ಕೇಳುವವರ ನೆನಪು. ‘ಗುಂಪು’ ಇಲ್ಲಿ ಮೆನು ಆಗುತ್ತದೆ, ಒಂದು ಮೆನುವಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಆಯ್ಕೆ ಇಡಬೇಡಿ. ‘ಮಹತ್ವ ಹೆಚ್ಚು’ ಎಂದು ಬರೆದ ಘಟಕವನ್ನು ಮೆನುವಿಗೂ ಮೊದಲೇ ಓದಿಬಿಡಿ: ಕರೆ ಮಾಡಿದವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇವತ್ತಿನ ಮೊತ್ತ, ಕೇಳಿ ಇಟ್ಟುಬಿಡುತ್ತಾರೆ. ಆಯ್ಕೆಯನ್ನು ಹೇಳಿ ಆಮೇಲೆ ಕೀಲಿ ಹೇಳಬೇಕು ಎಂಬ ನಿಯಮಕ್ಕೆ ಕನ್ನಡದ ವಾಕ್ಯಕ್ರಮ ತಾನಾಗಿ ಒಗ್ಗುತ್ತದೆ: ‘ಬಟವಾಡೆ ಲೆಕ್ಕಕ್ಕೆ 2 ಒತ್ತಿ’.

ಅಂಕಿ ಓದಿಸುವಾಗ ಜಾಗ್ರತೆ. ಧ್ವನಿಮುದ್ರಿಸಿದ ತುಣುಕುಗಳನ್ನು ಜೋಡಿಸುವುದಾದರೆ ‘ಇನ್ನೂರು’ ಒಂದೇ ಸಾಲದು, ‘ಇನ್ನೂರ’ ಕೂಡ ಬೇಕು. 200 ಇನ್ನೂರು, 214 ಇನ್ನೂರ ಹದಿನಾಲ್ಕು. ‘ಸಾವಿರ’ಕ್ಕೂ ‘ಸಾವಿರದ’ ಬೇಕು. ಬೇರೆ ಭಾಷೆಗೆಂದು ಮಾಡಿದ ಜೋಡಣೆಯ ಕೋಡನ್ನು ಹಾಗೇ ತಂದರೆ ‘ಇನ್ನೂರು ಹದಿನಾಲ್ಕು’ ಎಂದು ಯಂತ್ರ ಬಿಡಿಬಿಡಿಯಾಗಿ ಓದುತ್ತದೆ, ಕೇಳುವವರಿಗೆ ಅದು ಎರಡು ಬೇರೆ ಅಂಕಿ.

ಆರನೆಯದು: ಕನ್ನಡ ಪಠ್ಯಕ್ಕೆ ಬೇರೆ ಕಡತ

ಪಠ್ಯವೆಲ್ಲ ಮಾದರಿಯ ಹೊರಗೆ, ಗುರುತಿನ ಹೆಸರಿನ ಮೇಲೆ ನೇತುಹಾಕಿದ ಬೇರೆ ಕಡತದಲ್ಲಿರಲಿ. ಇಷ್ಟನ್ನು ಯಾವ ಭಾಷೆಯವರೂ ಹೇಳುತ್ತಾರೆ. ನಮಗೆ ಹೆಚ್ಚಿನ ಕೆಲಸವಿದೆ.

ಹೆಸರಿಗೆ ವಿಭಕ್ತಿ ಅಂಟಿಸುವ ವಾಕ್ಯ ಬರೆಯಬೇಡಿ. ಖಾಲಿ ಜಾಗದ ಮುಂದೆ ‘ಗೆ’ ಇಟ್ಟರೆ ‘ಮಂಜುನಾಥ್‌ಗೆ’ ಸರಿ, ‘ರಾಮಣ್ಣಗೆ’ ಹಲವರ ಕಿವಿಗೆ ಒರಟು, ‘ರಾಮಣ್ಣನಿಗೆ’ ಆಗಬೇಕು, ಹಿರಿಯರಾದರೆ ‘ರಾಮಣ್ಣನವರಿಗೆ’. ಕೋಡಿನಲ್ಲಿ ಸಂಧಿ ಮಾಡಲು ಹೊರಡುವ ಬದಲು ವಾಕ್ಯವನ್ನೇ ಬದಲಿಸಿ: ‘ಸದಸ್ಯರು: ರಾಮಣ್ಣ. ಮೊತ್ತ: 214.50’. ಸ್ಕ್ರೀನಿಗೂ ಇದೇ ಚೆಂದ.

ಏಕವಚನ, ಬಹುವಚನಕ್ಕೆ ಯೂನಿಕೋಡ್ ಸಂಸ್ಥೆಯ ಭಾಷಾ ರೂಢಿಗಳ ಸಂಗ್ರಹವಾದ ಸಿಎಲ್‌ಡಿಆರ್ ನಿಯಮಗಳನ್ನು ಬಳಸುವ ಲೈಬ್ರರಿಗಳಿವೆ. ಅದರಲ್ಲಿ ಕನ್ನಡಕ್ಕೆ ಎರಡೇ ವರ್ಗ, ಆದರೆ ಸೊನ್ನೆ ಸೇರುವುದು ಏಕವಚನದ ಕಡೆಗೆ. ಇಂಗ್ಲಿಷಿನಲ್ಲಿ ಸೊನ್ನೆ ಬಹುವಚನ. ಇಂಗ್ಲಿಷ್ ಕಡತವನ್ನು ನಕಲು ಮಾಡಿ ತುಂಬುವವರು ಇದನ್ನು ಗಮನಿಸುವುದಿಲ್ಲ. ಲಕ್ಷದ ಅಲ್ಪವಿರಾಮ 1,00,000 ಎಂದೇ ಬರಬೇಕು.

ಸಾಲಿನ ಎತ್ತರ ಇಂಗ್ಲಿಷಿಗೆ ಸಾಕಾದಷ್ಟು ನಮಗೆ ಸಾಲದು, ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಉದ್ದದ ಹೆಸರನ್ನು ಮೊಟಕುಗೊಳಿಸುವಾಗ ಅಕ್ಷರದ ನಡುವೆ ಕತ್ತರಿ ಬೀಳದಂತೆ ನೋಡಿಕೊಳ್ಳಬೇಕು. ಇವು ಮೂರ್ತ ಹಂತದ ನಿಯಮಗಳು, ಸ್ಕ್ರೀನ್ ಇರುವ ಎಲ್ಲ ಸಾಧನಕ್ಕೂ ಒಟ್ಟಿಗೆ ಅನ್ವಯ.

ಏಳನೆಯದು: ಸಲಕರಣೆ, ಮತ್ತು ಕೈಯ ತಿದ್ದುಪಡಿ

ಮೊದಲ ಪ್ರಯೋಗಕ್ಕೆ ನಾನು ಹೇಳುವುದು ಎಕ್ಸ್‌ಎಲ್‌ಎಸ್‌ಫಾರ್ಮ್. ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲಿಗೆ ಒಂದು ಪ್ರಶ್ನೆ. ಬಗೆ, ಹೆಸರು, ಲೇಬಲ್, ಯಾವಾಗ ಕೇಳಬೇಕು, ಏನು ತಡೆಯಬೇಕು ಎಂಬುದಕ್ಕೆಲ್ಲ ಅಂಕಣಗಳು. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಲೇಬಲ್ ಅಂಕಣ ಇಡಬಹುದು. ‘ಅಪಿಯರೆನ್ಸ್’ ಎಂಬ ಅಂಕಣ ಒಂದಿದೆ, ಅಲ್ಲಿ ‘ಮಿನಿಮಲ್’ ಎಂದು ಬರೆದರೆ ಅದೇ ಪ್ರಶ್ನೆ ಡ್ರಾಪ್‌ಡೌನ್ ಆಗುತ್ತದೆ. ಅಮೂರ್ತ ಎಲ್ಲಿ ಮುಗಿದು ಮೂರ್ತ ಎಲ್ಲಿ ಶುರುವಾಗುತ್ತದೆ ಎಂದು ಕೇಳುವವರಿಗೆ ಆ ಒಂದು ಅಂಕಣ ತೋರಿಸಿದರೆ ಸಾಕು. ಅದೇ ಹಾಳೆ ಆಂಡ್ರಾಯ್ಡ್‌ನಲ್ಲಿ ಓಡಿಕೆ ಕಲೆಕ್ಟ್‌ನಲ್ಲೂ ಬ್ರೌಸರಿನಲ್ಲಿ ಎನ್‌ಕೀಟೋದಲ್ಲೂ ಓಡುತ್ತದೆ. ಎಸ್ಸೆಮ್ಮೆಸ್, ಐವಿಆರ್ ಇದರಿಂದ ಬರುವುದಿಲ್ಲ. ಆದರೂ ವಿಧಾನ ಕೈಗೆ ಹತ್ತುತ್ತದೆ.

ಸ್ವಂತ ಉತ್ಪನ್ನ ಕಟ್ಟುವವರು ಜೇಸನ್ ಫಾರ್ಮ್ಸ್ ಎಂಬ ಲೈಬ್ರರಿ ನೋಡಬಹುದು. ಮಾಹಿತಿಯ ಸ್ಕೀಮಾ (ರಚನೆಯ ವಿವರಣೆ) ಒಂದು ಕಡತ, ಇಂಟರ್ಫೇಸಿನ ಸ್ಕೀಮಾ ಇನ್ನೊಂದು. ಘಟಕವನ್ನು ತೋರಿಸುವ ಪ್ರತಿ ರೆಂಡರರ್ ‘ಇದು ನನಗೆ ಎಷ್ಟು ಹೊಂದುತ್ತದೆ’ ಎಂದು ಅಂಕ ಹೇಳುತ್ತದೆ, ಹೆಚ್ಚು ಅಂಕದ್ದು ಗೆಲ್ಲುತ್ತದೆ. ಐದನೆಯ ಹೆಜ್ಜೆಯ ನಿಯಮಗಳನ್ನು ಇಲ್ಲಿ ನೇರವಾಗಿ ಹಾಕಬಹುದು. ಸಾಫ್ಟ್‌ವೇರ್ ಮಾನಕಗಳ ಕೂಟ ಓಎಂಜಿ 2015ರಲ್ಲಿ ಹೊರತಂದ ಐಎಫ್‌ಎಂಎಲ್ 1.0 ಎಂಬ ಚಿತ್ರಭಾಷೆಯೂ ಇದೆ. ಸ್ಕ್ರೀನಿನಿಂದ ಸ್ಕ್ರೀನಿಗೆ ಓಡಾಟ ಹೆಚ್ಚಿರುವ ದೊಡ್ಡ ವೆಬ್ ವ್ಯವಸ್ಥೆಗಳಿಗೆ ಅದು ಹೊಂದುತ್ತದೆ, ಡೇರಿಗೆ ಭಾರವಾದೀತು.

ಯಾವ ಸಲಕರಣೆಯೇ ಆಗಲಿ, ಹುಟ್ಟಿಸಿದ ಇಂಟರ್ಫೇಸ್ ಒಂದೆರಡು ಕಡೆ ಸಪ್ಪೆಯಾಗಿರುತ್ತದೆ. 1990ರ ದಶಕದ ಇಂಥ ಪ್ರಯತ್ನಗಳು ಏಕೆ ಸೊರಗಿದವು ಎಂದು 2000ದಲ್ಲಿ ಇಂಟರ್ಫೇಸ್ ಸಂಶೋಧಕ ಬ್ರಾಡ್ ಮೈಯರ್ಸ್ ಮತ್ತು ಸಂಗಡಿಗರು ಪರಿಶೀಲಿಸಿದಾಗ ಸಿಕ್ಕ ಕಾರಣಗಳಲ್ಲಿ ಒಂದು, ಮಾದರಿಯಲ್ಲಿ ಬರೆದದ್ದಕ್ಕೂ ಸ್ಕ್ರೀನಿನಲ್ಲಿ ಬಂದದ್ದಕ್ಕೂ ಇರುವ ನಂಟು ಊಹೆಗೆ ಸಿಗುತ್ತಿರಲಿಲ್ಲ ಎಂಬುದು. ಒಂದು ಬಟನ್ನನ್ನು ಎಡಕ್ಕೆ ಸರಿಸಲು ನಿಯಮದ ಕಾಡಿನಲ್ಲಿ ಅಲೆಯಬೇಕು ಎಂದಾದರೆ ಯಾವ ಡಿಸೈನರ್ ಒಪ್ಪುತ್ತಾರೆ?

ಹೀಗಾಗಿ ಕೈತಿದ್ದುಪಡಿಗೆ ಮೊದಲೇ ಜಾಗ ಮಾಡಿಡಿ. ಹುಟ್ಟಿಸಿದ ಕಡತಗಳು ಒಂದು ಫೋಲ್ಡರಿನಲ್ಲಿ, ಅವನ್ನು ಯಾರೂ ಮುಟ್ಟಬಾರದು. ತಿದ್ದುಪಡಿಗಳು ಬೇರೆ ಫೋಲ್ಡರಿನಲ್ಲಿ, ‘ಈ ಗುರುತಿನ ಘಟಕವನ್ನು ಈ ಸಾಧನದಲ್ಲಿ ಹೀಗೆ ತೋರಿಸು’ ಎಂಬ ರೂಪದಲ್ಲಿ. ನಾಲ್ಕನೆಯ ಹೆಜ್ಜೆಯಲ್ಲಿ ಬದಲಾಗದ ಹೆಸರು ಕೇಳಿದ್ದು ಇದಕ್ಕೇ: ಹೆಸರು ಬದಲಾದರೆ ತಿದ್ದುಪಡಿ ಅನಾಥವಾಗುತ್ತದೆ. ಪ್ರತಿ ಸಲ ಹುಟ್ಟಿಸುವಾಗ ಅನಾಥ ತಿದ್ದುಪಡಿಗಳ ಪಟ್ಟಿ ಬರುವಂತೆ ಮಾಡಿ. ಒಂದೇ ತಿದ್ದುಪಡಿ ಮೂರು ಕಡೆ ಕಂಡರೆ ಅದನ್ನು ನಿಯಮವಾಗಿ ಮೇಲಕ್ಕೆ ಏರಿಸಿ.

ಹಳೆಯ ಆವೃತ್ತಿಯ ಆಪ್‌ ಇಟ್ಟುಕೊಂಡವರು ಯಾವಾಗಲೂ ಇರುತ್ತಾರೆ. ಮಾದರಿಗೆ ಆವೃತ್ತಿ ಸಂಖ್ಯೆ ಇರಲಿ. ತನಗೆ ಗೊತ್ತಿಲ್ಲದ ಘಟಕ ಬಂದಾಗ ಆಪ್ ಅದನ್ನು ಬರಿಯ ‘ತೋರಿಸು’ ಎಂದು ತಿಳಿದು ಪಠ್ಯ ತೋರಿಸಲಿ, ಖಾಲಿ ಬಿಡುವುದು ಬೇಡ.

ಕೊನೆಯದು: ಒಂದು ಬದಲಾವಣೆ ತಂದು ನೋಡಿ

ಪರೀಕ್ಷೆಯ ಪಟ್ಟಿಯನ್ನು ಹೊಸದಾಗಿ ಬರೆಯಬೇಕಿಲ್ಲ. ಮರದಲ್ಲಿ ಬೇರಿನಿಂದ ಎಲೆಯವರೆಗೆ ಇರುವ ಒಂದೊಂದು ದಾರಿಯೂ ಒಂದು ಪರೀಕ್ಷೆ, ಕೋಷ್ಟಕದಲ್ಲಿ ‘ಇದೆ’ ಎಂದ ಎಲ್ಲ ಸಾಧನದಲ್ಲೂ ಅದನ್ನು ಓಡಿಸಿ. ‘ಯಾವಾಗ ಬೇಕಾದರೂ ರದ್ದು’ ಎಂಬುದನ್ನು ತೂಕ ಬಂದ ಮೇಲೆ, ಜಿಡ್ಡು ಬರುವ ಮೊದಲು ಒತ್ತಿ ನೋಡಿ.

ಆಮೇಲೆ ಬೇಕೆಂದೇ ಒಂದು ಬದಲಾವಣೆ ತನ್ನಿ. ಮೊತ್ತದ ಜೊತೆಗೆ ಲೀಟರಿಗೆ ಇಷ್ಟು ಎಂಬ ಪ್ರೋತ್ಸಾಹಧನವನ್ನು ಬೇರೆ ಸಾಲಾಗಿ ತೋರಿಸಬೇಕು ಎನ್ನಿ. ಯಾವ ಯಾವ ಕಡತ ಮುಟ್ಟಿದಿರಿ ಎಂದು ಬರೆದುಕೊಳ್ಳಿ. ಮಾಹಿತಿಯ ಮಾದರಿಯಲ್ಲಿ ಒಂದು ಗುಣ, ಲೆಕ್ಕದಲ್ಲಿ ಒಂದು ಸಾಲು, ಅಮೂರ್ತ ಹಂತದಲ್ಲಿ ಒಂದು ‘ತೋರಿಸು’, ಪಠ್ಯದಲ್ಲಿ ಉದ್ದ ಮತ್ತು ಚಿಕ್ಕ ಲೇಬಲ್, ಐವಿಆರ್‌ಗೆ ಒಂದು ಧ್ವನಿ ತುಣುಕು, ಎಸ್ಸೆಮ್ಮೆಸ್ ಅಚ್ಚುಪಠ್ಯದ ಮರುನೋಂದಣಿ. ಇಷ್ಟರಲ್ಲೇ ಮುಗಿದರೆ ಕಟ್ಟಿದ್ದು ನಿಂತಿದೆ. ಫೋನಿನ ಸ್ಕ್ರೀನ್ ಕೋಡನ್ನೂ ಬಿಚ್ಚಬೇಕಾಗಿ ಬಂದಿದ್ದರೆ ಯಾವುದೋ ನಿಯಮ ಅಲ್ಲೇ ಅಡಗಿ ಕೂತಿದೆ. ಅದನ್ನು ಎರಡನೆಯ ಹೆಜ್ಜೆಯ ಕಡತಕ್ಕೆ ಎತ್ತಿ ಹಾಕಿ, ಇನ್ನೊಂದು ಬದಲಾವಣೆ ತಂದು ನೋಡಿ.